ಕಲಿಕೆಯ ರುಚಿಯೂ ಬಹುಮಾನದ ಆಸೆಯೂ

ಮನುಷ್ಯನು ಏಕೆ ದುಡಿಯುತ್ತಾನೆ, ಏಕೆ ಕಲಿಯುತ್ತಾನೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬಹು ಸರಳವಾದುದು. ಹೊಟ್ಟೆಗಾಗಿ ದುಡಿಯುತ್ತಾನೆ, ನೌಕರಿಗಾಗಿ ಕಲಿಯುತ್ತಾನೆ ಎಂದು ಯಾರಾದರೂ ಹೇಳಿಬಿಡಬಹುದು. ಆದರೆ ಹೊಟ್ಟೆ ತುಂಬಿದವನೂ ಸುಮ್ಮನೆ ಕೂರಲಾರನು. ನೌಕರಿಯ ಹೆಸರನ್ನೇ ಕೇಳದ ಮೂರು ವರ್ಷದ ಕೂಸು ಬೆಳಗಿನಿಂದ ಬೈಗಿನವರೆಗೆ ಏನನ್ನಾದರೂ ಕಲಿಯುತ್ತಲೇ ಇರುತ್ತದೆ. ಹಾಗಾದರೆ ಹೊಟ್ಟೆಗೂ ನೌಕರಿಗೂ ಆಚೆ ಇನ್ನೊಂದು ಪ್ರೇರಣೆ ಇರಲೇಬೇಕು. ಅದನ್ನು ಅರಿಯದೆ ನಾವು ಮಕ್ಕಳನ್ನು ಬೆಳೆಸಲು ಹೊರಟರೆ ಇರುವ ದೀಪವನ್ನೇ ಆರಿಸಿ ಎಣ್ಣೆ ಹುಡುಕಿದಂತಾಗುತ್ತದೆ.

ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಮೇಲೆ ತಾಯಿಯೊಬ್ಬರು ಹದಿಮೂರು ವರ್ಷದ ಮಗನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದರು. “ಗುರುಗಳೇ, ಪಾಸಾದ್ರ ಸೈಕಲ್ ಕೊಡಸ್ತೀವಿ ಅಂದ್ವಿ, ಕೊಡಿಸಿದ್ವಿ. ಮೊಬೈಲ್ ಅಂದ್ವಿ, ಅದೂ ಆತು. ಈಗ ಪುಸ್ತಕ ಹಿಡಿ ಅಂದ್ರ, ಏನ್ ಕೊಡಸ್ತೀರಿ ಅಂತ ಕೇಳ್ತಾನ. ಇನ್ನ ಏನ್ ಕೊಡಸಬೇಕ್ರಿ ಇವಗ?” ಆ ತಾಯಿಯ ಕಣ್ಣಲ್ಲಿ ನೀರಿತ್ತು. ಹುಡುಗ ನೆಲ ನೋಡುತ್ತ ನಿಂತಿದ್ದ. ಅವನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಅದೇ ತಪ್ಪನ್ನು ಹಿಂದೊಮ್ಮೆ ನಾನೂ ಮಾಡಿದ್ದೆನು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ವಿದ್ಯಾರ್ಥಿ ನಿಲಯವೊಂದರ ಸಣ್ಣ ಗ್ರಂಥಾಲಯದ ಹೊಣೆ ನನ್ನ ಮೇಲಿತ್ತು. ಸಂಜೆಯ ಪ್ರಾರ್ಥನೆ ಮುಗಿದೊಡನೆ ಹತ್ತು ಹನ್ನೆರಡು ಬಾಲಕರು ತಾವಾಗಿಯೇ ಬಂದು ಕಪಾಟಿನ ಮುಂದೆ ಕುಳಿತು ಓದುತ್ತಿದ್ದರು. ಈ ಸಂಖ್ಯೆ ಹೆಚ್ಚಲಿ ಎಂಬ ಸದಾಶಯದಿಂದ, ತಿಂಗಳಿಗೆ ಹತ್ತು ಪುಸ್ತಕ ಓದಿದವನಿಗೆ ಒಂದು ಪೆನ್ನು ಎಂದು ಸಾರಿದೆನು. ಮೊದಲ ತಿಂಗಳು ಗ್ರಂಥಾಲಯದಲ್ಲಿ ಕೂರಲು ಸ್ಥಳವಿರಲಿಲ್ಲ, ನಾನು ಹಿಗ್ಗಿದೆನು. ಎರಡನೆಯ ತಿಂಗಳು ದಪ್ಪ ಪುಸ್ತಕಗಳೆಲ್ಲ ಕಪಾಟಿನಲ್ಲಿಯೇ ಉಳಿದವು, ತೆಳ್ಳನೆಯ ಪುಸ್ತಕಗಳಿಗೆ ಜಗಳ ಹತ್ತಿತು. ನಾಲ್ಕನೆಯ ತಿಂಗಳಿಗೆ ಪೆನ್ನಿನ ಹಣ ಮುಗಿಯಿತು, ಬಹುಮಾನವೂ ನಿಂತಿತು. ಹೊಸಬರು ಬರುವುದನ್ನು ಬಿಟ್ಟರೆಂದು ನನಗೆ ವ್ಯಥೆಯಾಗಲಿಲ್ಲ. ಮೊದಲಿನಿಂದ ತಾವಾಗಿಯೇ ಬರುತ್ತಿದ್ದ ಬಾಲಕರೂ ಬರಲಿಲ್ಲ ಎಂಬುದೇ ನನ್ನನ್ನು ಚುಚ್ಚಿತು. ಅವರಲ್ಲೊಬ್ಬನನ್ನು ಕೇಳಿದೆ. “ಪೆನ್ ಕೊಡಂಗಿಲ್ಲಂದ ಮ್ಯಾಲೆ ಯಾಕ್ ಓದಬೇಕ್ರಿ, ಸರ್?” ಎಂದನು. ಅವನೇ ಹಿಂದಿನ ವರ್ಷ ದೀಪ ಆರಿಸುವ ಹೊತ್ತಾದರೂ ಪುಸ್ತಕ ಬಿಡದಿದ್ದ ಬಾಲಕ.

ಇದು ನನ್ನೊಬ್ಬನ ದುರದೃಷ್ಟವೆಂದು ಬಹುಕಾಲ ಭಾವಿಸಿದ್ದೆನು. ಆಮೇಲೆ ಮನಶ್ಶಾಸ್ತ್ರದ ಗ್ರಂಥಗಳನ್ನು ಓದುವಾಗ ತಿಳಿದುದೇನೆಂದರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ವಿದ್ವಾಂಸರು 1973ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ 51 ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ತರುವಾಯ ಪೆನ್ನುಗಳನ್ನು ಸುಮ್ಮನೆ ಇಟ್ಟು ಮರೆಯಲ್ಲಿ ನಿಂತು ನೋಡಿದಾಗ, ಬಹುಮಾನದ ಆಸೆ ತೋರಿಸಲ್ಪಟ್ಟ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅನಿರೀಕ್ಷಿತವಾಗಿ ಪಡೆದವರ ಉತ್ಸಾಹ ಕುಗ್ಗಿರಲಿಲ್ಲ. ಹಾನಿಯಾದದ್ದು ಕೊಟ್ಟ ಪತ್ರದಿಂದಲ್ಲ, ಮೊದಲೇ ಮಾಡಿಕೊಂಡ ವ್ಯವಹಾರದಿಂದ. ಆಟವಾಗಿದ್ದುದು ಕೂಲಿಯಾಯಿತು; ಕೂಲಿ ಇಲ್ಲದ ದಿನ ಕೆಲಸವೇಕೆ?

ಹಾಗೆಂದು ಬಹುಮಾನಗಳೆಲ್ಲವೂ ವಿಷವೆಂದು ತಿಳಿಯಬಾರದು. ಇಂಥ 128 ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಲ್ಲಿ ನಡೆದ ಪರಿಶೀಲನೆಯಲ್ಲಿ, ಮೊದಲೇ ರುಚಿಯಿದ್ದ ಕೆಲಸಕ್ಕೆ ಆಸೆ ತೋರಿಸಿದಾಗ ಆ ರುಚಿ ಕುಂದುವುದೆಂದೂ, ರುಚಿಯೇ ಇಲ್ಲದ ಕೆಲಸದಲ್ಲಿ ಅಂಥ ಹಾನಿ ಕಾಣುವುದಿಲ್ಲವೆಂದೂ ತಿಳಿದುಬಂದಿತು. ಈ ಪರಿಶೀಲನೆ ನಡೆಸಿದವರಲ್ಲಿ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮುಖ್ಯರು. ಒಳಗಿನ ಪ್ರೇರಣೆಗೆ ಮೂರು ಆಧಾರಗಳು ಬೇಕೆಂಬುದು ಅವರ ಸಿದ್ಧಾಂತ. ತಾನೇ ಒಪ್ಪಿ ಮಾಡುತ್ತಿದ್ದೇನೆಂಬ ಸ್ವಾತಂತ್ರ್ಯ ಒಂದು. ನನ್ನಿಂದ ಇದು ಸಾಧ್ಯವೆಂಬ ಸಾಮರ್ಥ್ಯದ ಅರಿವು ಎರಡು. ನಾನು ಇವರವನು, ಇವರು ನನ್ನವರು ಎಂಬ ಬಾಂಧವ್ಯ ಮೂರು.

ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಅಡುಗೆಮನೆಯನ್ನೇ ನೋಡಬಹುದು. ಅವ್ವ ರೊಟ್ಟಿ ಬಡಿಯುವಾಗ ಮಗಳು ತಾನೂ ಬಡಿಯುವೆನೆಂದು ಹಟ ಹಿಡಿಯುತ್ತಾಳೆ. ಅವ್ವ ಒಂದು ಹಿಡಿ ಹಿಟ್ಟು ಕೊಟ್ಟರೆ ಅದು ಸ್ವಾತಂತ್ರ್ಯ. ಸೊಟ್ಟಗಿದ್ದರೂ ಅದನ್ನು ಹಂಚಿನ ಮೇಲೆ ಹಾಕಿದರೆ ಅದು ಸಾಮರ್ಥ್ಯದ ಅರಿವು. ಊಟಕ್ಕೆ ಕುಳಿತ ಅಜ್ಜ ಆ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಂಡರೆ ಅದು ಬಾಂಧವ್ಯ. ಅಲ್ಲಿ ಯಾರೂ ರೊಟ್ಟಿಗೆ ಒಂದು ರೂಪಾಯಿ ಕೊಡಲಿಲ್ಲ. ಆದರೂ ಮರುದಿನ ಆ ಕೂಸು ಕರೆಯದೆ ಬಂದು ಒಲೆಯ ಮುಂದೆ ಕೂರುತ್ತದೆ. ಹಿಟ್ಟು ಹಾಳಾಗುತ್ತದೆ ಎಂದು ಎಬ್ಬಿಸಿ ಕಳಿಸಿದವರ ಮನೆಯಲ್ಲಿ, ಅದೇ ಮಗಳು ಹದಿನಾರು ವರ್ಷವಾದರೂ ಒಲೆಯ ಹತ್ತಿರ ಸುಳಿಯಲಿಲ್ಲವೆಂದು ಬೈಸಿಕೊಳ್ಳುತ್ತಾಳೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಒಳಗಿನ ಪ್ರೇರಣೆಯೇ ಶ್ರೇಷ್ಠವೆಂಬ ಮಾತನ್ನು ಹಿಡಿದು ದುಡಿಯುವವರ ಸಂಬಳಕ್ಕೆ ಕತ್ತರಿ ಹಾಕುವವರೂ ಉಂಟು. ತಿಂಗಳುಗಟ್ಟಲೆ ಪಗಾರ ತಡೆದು, “ಇದು ಕಾಯಕ, ಹಣದ ಮಾತೇಕೆ?” ಎಂದು ಶಿಕ್ಷಕರಿಗೆ ಉಪದೇಶಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಇಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಬರೆದ ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಕೆಲಸದಲ್ಲಿ ಹಿಗ್ಗಿದ ದಿನಗಳನ್ನು ನೆನೆದಾಗ ಅವರು ಸಾಧನೆ, ಮನ್ನಣೆ, ಹೊಣೆಗಾರಿಕೆ, ಕೆಲಸದ ಸೊಗಸು ಇವುಗಳನ್ನು ಹೇಳಿದರು. ಕುಗ್ಗಿದ ದಿನಗಳನ್ನು ನೆನೆದಾಗ ಮೇಲಧಿಕಾರಿಯ ವರ್ತನೆ, ಸಂಸ್ಥೆಯ ನೀತಿ, ಸಂಬಳ ಇವುಗಳ ಮಾತು ಬಂದಿತು. ನ್ಯಾಯವಾದ ಸಂಬಳವೊಂದೇ ಉತ್ಸಾಹವನ್ನು ಹುಟ್ಟಿಸಲಾರದು. ಆದರೆ ಅನ್ಯಾಯದ ಸಂಬಳ ಇರುವ ಉತ್ಸಾಹವನ್ನೂ ಕೊಲ್ಲುತ್ತದೆ.

ಶರಣರ ಕಾಯಕದ ಅರ್ಥವೂ ಇದೇ ಆಗಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ಮನೆಮನೆಗೂ ತಿಳಿದುದು. ಅವರು ದುಡಿಮೆಯ ಫಲವನ್ನು ನಿರಾಕರಿಸಲಿಲ್ಲ, ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡರು. ಮಿಕ್ಕ ಆಸೆ ಕಾಯಕದ ಒಳಗೆ ಸೇರಬಾರದೆಂದು ಬಾಗಿಲಲ್ಲಿಯೇ ತಡೆದರು. ತನ್ನ ಆಸೆಯನ್ನು ತಾನೇ ತಡೆಯುವುದು ಕಾಯಕನಿಷ್ಠೆ. ಪರರ ಕೂಲಿಯನ್ನು ತಡೆಯುವುದು ಬರಿಯ ಲೋಭ.

ಇನ್ನು ಆ ಬಾಲಕನ ಮಾತು. ಶಾಲೆ ಬಿಟ್ಟ ಮೇಲೆ ಏನು ಮಾಡುವೆಯೆಂದು ಕೇಳಿದೆ. ಉತ್ತರವನ್ನು ತಾಯಿಯೇ ಕೊಟ್ಟರು: “ಅವರ ಕಾಕಾನ ಅಂಗಡ್ಯಾಗ ಸುಟ್ಟ ಮೋಟಾರ್ ಬಿಚ್ಚಕೋತ ಕುಂದರ್ತಾನ್ರಿ, ಉಣ್ಣಾಕ ಕರದ್ರೂ ಬರಂಗಿಲ್ಲ.” ಆಗ ಹುಡುಗ ಮೊದಲ ಬಾರಿಗೆ ತಲೆಯೆತ್ತಿದ. ಪಂಪ್‌ಸೆಟ್ಟಿನ ಮೋಟಾರಿನಲ್ಲಿ ತಂತಿ ಸುತ್ತುವುದನ್ನು ಎಣಿಸಿಯೇ ಸುತ್ತಬೇಕು, ಒಂದು ಸುತ್ತೂ ತಪ್ಪಬಾರದು ಎಂದು ಐದು ನಿಮಿಷ ವಿವರಿಸಿದ. ಅಲ್ಲಿ ಗಣಿತವಿತ್ತು, ವಿಜ್ಞಾನವಿತ್ತು. ಏನು ಕೊಡುವಿರಿ ಎಂಬ ಪ್ರಶ್ನೆ ಇರಲಿಲ್ಲ. “ತಾಯಿ, ಇವನಿಗೆ ಇನ್ನೇನನ್ನೂ ಕೊಡಿಸಬೇಡಿರಿ. ಇವತ್ತು ಏನು ಕಲಿತೆ ಎಂದು ರಾತ್ರಿ ಊಟದ ಹೊತ್ತಿಗೆ ಕೇಳಿರಿ, ಕೂತು ಕೇಳಿರಿ. ಪುಸ್ತಕದ ದಾರಿಯೂ ಅಲ್ಲಿಂದಲೇ ಹೊರಡಲಿ” ಎಂದೆನು.

ತಂದೆ ತಾಯಂದಿರೇ, ನಿಮ್ಮ ಮಗು ಯಾರೂ ಹೇಳದೆ ಏನನ್ನು ಮಾಡುತ್ತದೆ ಎಂಬುದನ್ನು ಒಂದು ವಾರ ಸುಮ್ಮನೆ ಗಮನಿಸಿರಿ. ಅಂಥದೊಂದು ಕಂಡರೆ ಅದಕ್ಕೆ ಬೆಲೆ ಕಟ್ಟಬೇಡಿರಿ. ಅದರ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತುಕೊಳ್ಳಿರಿ, ಸಾಕು.