ಅಪ್ಪನ ವಿಮೆ ಅಪ್ಪನ ಭಾಷೆಯಲ್ಲಿರಲಿ!



ಬೆಂಗಳೂರಿನ ಅಂಗಡಿ ಬೋರ್ಡಿನಲ್ಲಿ ಕನ್ನಡ ಕಾಣದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಊರಿನಲ್ಲಿ ಅಪ್ಪ ಬೀರುವಿನಲ್ಲಿಟ್ಟಿರುವ ಆರೋಗ್ಯ ವಿಮೆಯ ಪತ್ರ ಯಾವ ಭಾಷೆಯಲ್ಲಿದೆ? ಒಮ್ಮೆಯಾದರೂ ನೋಡಿದ್ದೀರಾ?

ನಾನು ಕೋಲಾರದಲ್ಲಿ ಪ್ರೆಸ್ಸು ನಡೆಸುವವನು. ಸಣ್ಣ ಅಕ್ಷರ ಓದುವುದೇ ನನ್ನ ಕಸುಬು. ಆದರೂ ಮೋಸ ಹೋದೆ. ಅರವತ್ತು ದಾಟಿದ ಅಮ್ಮನಿಗೆ ವಿಮೆ ಮಾಡಿಸುವಾಗ 'ಸಕ್ಕರೆ ಕಾಯಿಲೆ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿಯಾಗುತ್ತೆ' ಎಂದ ಏಜೆಂಟ್. ಇಂಗ್ಲಿಷ್ ಅರ್ಜಿಗೆ ಅಮ್ಮನ ಸಹಿ ಹಾಕಿಸಿಬಿಟ್ಟೆ. ಎರಡನೇ ವರ್ಷ ಹೃದಯದ ಆಪರೇಷನ್ ಆಯಿತು. 'ಕಾಯಿಲೆ ಮುಚ್ಚಿಟ್ಟಿದ್ದೀರಿ' ಎಂದು ಕಂಪನಿ ಕೈತೊಳೆದುಕೊಂಡಿತು. ಎರಡು ಆಫ್‌ಸೆಟ್ ಮಷೀನುಗಳಲ್ಲಿ ಒಂದನ್ನು ಮಾರಿ ಬಿಲ್ಲು ಕಟ್ಟಿದೆ. ತಪ್ಪು ಏಜೆಂಟನದಷ್ಟೇ ಅಲ್ಲ, ನನ್ನದೂ ಹೌದು.

ನಿಮಗೆ ಆ ಗತಿ ಬಾರದಿರಲಿ.

ಮೊದಲು, ಇರುವ ಹಕ್ಕನ್ನು ಬಳಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಪ್ಪ ಶ್ರೀನಿವಾಸಪುರದ ಕಡೆ ಹಾಲಿನ ಸಂಘದ ಸದಸ್ಯರೇ? 2018ರಲ್ಲಿ ನಿಂತ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ನೋಂದಣಿಯ ಗಡುವು ತಪ್ಪಿಸಬೇಡಿ. ಮಾಲೂರಿನ ಕಾರ್ಖಾನೆಯಲ್ಲಿ ಕನಿಷ್ಠ 5 ವರ್ಷ ಇಎಸ್‌ಐ ಕಟ್ಟಿ ವಯೋನಿವೃತ್ತರಾದವರೇ? ವರ್ಷಕ್ಕೆ ಕೇವಲ 120 ರೂಪಾಯಿಗೆ ಗಂಡ-ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಉಂಟು. ಎಷ್ಟು ಜನ ಕೇಳಿ ಪಡೆದಿದ್ದೀರಿ?

ಇದಾವುದೂ ಇಲ್ಲದಿದ್ದರೆ ಪಾಲಿಸಿ ಕೊಳ್ಳಿ. '65 ದಾಟಿತು, ಇನ್ನು ಸಿಗಲ್ಲ' ಎಂಬ ಮಾತಿಗೆ ಬಾಗಬೇಡಿ. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕೆಂದು 2024ರಲ್ಲೇ ನಿಯಮವಾಗಿದೆ. ಬಿಪಿ, ಸಕ್ಕರೆ ಎಲ್ಲವನ್ನೂ ಬರೆಸಿ. ಹಳೆಯ ಕಾಯಿಲೆಗೆ 3 ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ; ಕಡಿಮೆ ಕಾಯಿಸುವ ಪಾಲಿಸಿ ಹುಡುಕಿ. ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು ಕೇಳಿ. ಶೇಕಡ 20 ಎಂದರೆ 2 ಲಕ್ಷದ ಬಿಲ್ಲಿಗೆ 40 ಸಾವಿರ ನಿಮ್ಮ ಜೇಬಿನಿಂದಲೇ! ರೂಮ್ ಬಾಡಿಗೆಗೆ ಮಿತಿ ಇದೆಯೇ ನೋಡಿ. ಮುಳಬಾಗಿಲಿನವರು ವೆಲ್ಲೂರಿಗೂ ಓಡುತ್ತೀರಿ, ಅಲ್ಲಿನ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿದೆಯೇ ತಿಳಿದುಕೊಳ್ಳಿ. 2025ರ ಜನವರಿಯ ಆದೇಶದಂತೆ, ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ವಿಮಾ ಪ್ರಾಧಿಕಾರವನ್ನು ಕೇಳಬೇಕು. ಸ್ವಂತಕ್ಕೆ ಕೊಳ್ಳುವ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಇನ್ನು ಮುಖ್ಯ ಮಾತು. ಪಾಲಿಸಿಯ ಸಾರಾಂಶದ ಹಾಳೆಯನ್ನು ಗ್ರಾಹಕ ಕೇಳಿದರೆ ಅವನ ಭಾಷೆಯಲ್ಲೇ ಕೊಡಬೇಕೆಂದು ವಿಮಾ ಪ್ರಾಧಿಕಾರವೇ ಹೇಳಿದೆ. ಕೇಳಿದರೆ ಮಾತ್ರ! ಹಾಗಾದರೆ ಕೇಳಬೇಕಾದವರು ಯಾರು? ಆ ಹಾಳೆಯನ್ನು ಕನ್ನಡದಲ್ಲಿ ತರಿಸಿ, ಅಮ್ಮನ ಮುಂದೆ ಕೂತು ಓದಿ. ಒಪ್ಪಿಗೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಿ. ಮುಂದೆ ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ದೂರು ಕೊಡಿ. ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬೋರ್ಡಿಗಾಗಿ ಬೀದಿಗಿಳಿದ ಹುಡುಗರೇ, ಈ ಭಾನುವಾರ ಊರಿಗೆ ಹೋಗಿ. ಅಪ್ಪನ ಬೀರು ತೆಗೆಸಿ. ಅಲ್ಲೂ ಕನ್ನಡ ಬೇಕಾಗಿದೆ.