ಕಿಟಕಿ ಕೀಳೋ ಮುಂಚೆ ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ

ಈ ಸಲ ತೋಟದ ಸುದ್ದಿ ಅಲ್ಲ, ಮನೆ ಕಿಟಕಿ ಸುದ್ದಿ.

ಕೊನೆ ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡೋ ಹೊತ್ತು ಇದು. ಮನೆ ರಿಪೇರಿ ಶುರುವಾಗೋದೂ ಈಗಲೇ. ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಹಳೆ ಮರದ ಕಿಟಕಿ ಕಿತ್ತು ಯುಪಿವಿಸಿ ಇಲ್ಲಾ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸೋದು ಈಗ ಒಂದು ರೂಢಿ ಆಗಿಬಿಟ್ಟಿದೆ. ಒಂದು ಮನೆಗೆ ಬಂದ್ರೆ ಪಕ್ಕದ ಮನೆಗೂ ಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಹೀಗೆ ಕೀಳ್ತಾ ಇರೋ ಕಿಟಕಿಗಳಲ್ಲಿ ಹೆಚ್ಚಿನವು ಕೀಳೋ ಹಂತಕ್ಕೆ ಬಂದಿಲ್ಲ. ಎಲೆಚುಕ್ಕೆ ರೋಗ ಬಂದು ಮುಂದಿನ ವರ್ಷದ ಫಸಲು ಏನಾಗುತ್ತೋ ಅಂತ ಕೂತಿರುವಾಗ ಸೊಸೈಟಿ ಸಾಲ ಎತ್ತಿ ಕಿಟಕಿ ಬದಲಾಯಿಸೋದು ನನಗೆ ಸರಿ ಕಾಣಲ್ಲ.

ಹಳೆ ಕಿಟಕಿ ಹೇಗಿದೆ ಅಂತ ಸ್ವಲ್ಪ ನೋಡಿ. ಮೇಲೆ ಎರಡು ಬಾಗಿಲು, ಕೆಳಗೆ ಎರಡು ಬಾಗಿಲು, ಮಧ್ಯೆ ಸರಳು. ಇದು ಚೆಂದಕ್ಕೆ ಮಾಡಿದ್ದಲ್ಲ. ಜುಲೈ ತಿಂಗಳ ಎರಚಲಿಗೆ ಕೆಳಗಿನ ಜೋಡಿ ಹಾಕಿ ಮೇಲಿನದು ತೆಗೆದಿಟ್ಟರೆ ಒಳಗೆ ನೀರು ಬರಲ್ಲ, ಗಾಳಿ ಮಾತ್ರ ಆಡ್ತಾ ಇರುತ್ತೆ. ಬೇಸಿಗೇಲಿ ನಾಲ್ಕೂ ತೆಗೆದ್ರೆ ಇಡೀ ಕಿಟಕಿ ಅಗಲಕ್ಕೆ ಗಾಳಿ. ಸರಳು ಇರೋದ್ರಿಂದ ಮಂಗ ಒಳಗೆ ಬರಲ್ಲ. ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಬಾಗಿಲು ಇನ್ನೊಂದರ ಹಿಂದೆ ಹೋಗಬೇಕು, ಹಾಗಾಗಿ ನೀವು ಏನೇ ಮಾಡಿದರೂ ತೆರೆಯೋದು ಅರ್ಧವೇ. ನಾಲ್ಕಡಿ ಕಿಟಕಿಗೆ ದುಡ್ಡು ಕೊಟ್ಟು ಎರಡಡಿ ಗಾಳಿ ತಗೊಂಡ ಹಾಗೆ. ನಮ್ಮ ಮಳೆಗಾಲದಲ್ಲಿ ಗಾಳಿ ಇಲ್ಲದ ಕೋಣೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಮೂಲೇಲಿ ಇಟ್ಟ ಅಡಿಕೆ ಚೀಲಕ್ಕೂ ಬೂಷ್ಟು.

ಇನ್ನು ಮರದ ವಿಷಯ. ಅಜ್ಜನ ಕಾಲದಲ್ಲಿ ದಾರಂದ, ಬಾಗಿಲು ಮಾಡಿದ್ದು ದೊಡ್ಡ ಮರದ ಕೆಚ್ಚಿನಲ್ಲಿ. ಹಲಸು, ಹೊನ್ನೆ, ಮತ್ತಿ, ಕೆಲವರ ಮನೇಲಿ ತೇಗ, ಬೀಟೆ. ಕೆಚ್ಚಿಗೆ ಗೆದ್ದಲು, ಕುಟ್ಟೆ ಅಷ್ಟು ಸುಲಭಕ್ಕೆ ಹಿಡಿಯಲ್ಲ. ಇವತ್ತು ಅಂಗಡೀಲಿ ತೇಗ ಅಂತ ಕೊಡೋದು ಎಷ್ಟೋ ಸಲ ಎಳೆ ಮರ, ಅರ್ಧಕ್ಕರ್ಧ ಹೊರಗಿನ ಬಿಳಿ ಭಾಗ. ಅದಕ್ಕೆ ಎರಡೇ ಮಳೆಗಾಲಕ್ಕೆ ಹುಳ ಬಿದ್ದರೂ ಆಶ್ಚರ್ಯ ಇಲ್ಲ. ಅಂಥ ಮರಕ್ಕಿಂತ ಯುಪಿವಿಸಿಯೇ ಮೇಲು ಅಂತ ನಾನೂ ಒಪ್ತೀನಿ. ಆದ್ರೆ ನಿಮ್ಮ ಗೋಡೇಲಿ ಈಗ ಇರೋದು ಆ ಮರ ಅಲ್ಲ. ಒಂದು ಸಲ ಕಿತ್ತರೆ ಅದೇ ಗುಣದ್ದು ಮತ್ತೆ ಸಿಗೋದು ಕಷ್ಟ. ನಮ್ಮ ಜಮೀನಿನ ಮರ ಅಂದ್ರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಬಹಳ ಜಾತಿಗಳಿಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕೊಡಲಿ ಹಾಕೋ ಹಾಗಿಲ್ಲ.

ಇದು ನಮಗೆ ಗೊತ್ತಿಲ್ಲದಿದ್ದರೂ ವ್ಯಾಪಾರದವರಿಗೆ ಗೊತ್ತಿದೆ. "ಹಳೆ ಕಿಟಕಿ ನಾವೇ ಪುಕ್ಕಟೆ ಕಿತ್ತು ಒಯ್ತೀವಿ, ನಿಮಗೆ ಕೂಲಿ ಉಳೀತು" ಅಂತ ಗಾಡಿ ತಂದು ನಿಲ್ಲಿಸ್ತಾರೆ. ಕಾರೈಕುಡಿಯಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಳೆ ಮನೆಗಳ ಬಾಗಿಲು, ಕಂಬ, ಕಿಟಕಿ ಮಾರೋ ಅಂಗಡಿಗಳೇ ಸಾಲಾಗಿ ಇವೆ. ನಾವು ಬೇಡ ಅಂದಿದ್ದು ಅಂಥ ಕಡೆ ಬಣ್ಣ ಉಜ್ಜಿಸಿಕೊಂಡು ಯಾವುದೋ ರೆಸಾರ್ಟ್ ಗೋಡೆ ಸೇರುತ್ತೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇಡೀ ಹಳೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ಉಳಿಸಿದರು. ಟಿಕೆಟ್ ತಗೊಂಡು ನೋಡೋಕೆ ಜನ ಹೋಗ್ತಾರೆ. ನಮ್ಮ ಮನೇಲಿರೋದನ್ನು ನಾವು ಗುಜರಿ ಅಂತೀವಿ.

ಹಾಗಾದ್ರೆ ಹಾಳಾಗಿದ್ದನ್ನು ಏನು ಮಾಡೋದು? ಮೊದಲು ಪರೀಕ್ಷೆ ಮಾಡಿ. ಒಂದು ಚೂಪು ಸ್ಕ್ರೂಡ್ರೈವರ್ ತಗೊಂಡು ದಾರಂದದ ಕೆಳಗಿನ ಪಟ್ಟಿ, ಎರಡು ಮೂಲೆ, ಬಾಗಿಲಿನ ತಳದಂಚು, ಇಷ್ಟು ಕಡೆ ಚುಚ್ಚಿ ನೋಡಿ. ನೀರು ನಿಲ್ಲೋದು ಅಲ್ಲೇ, ಕೊಳೆಯೋದೂ ಅಲ್ಲಿಂದಲೇ. ಒಳಗೆ ಮೆತ್ತಗೆ ಇಳಿದ್ರೆ ಅಷ್ಟು ಭಾಗ ಹೋಗಿದೆ. ಇಳಿಯಲಿಲ್ಲ ಅಂದ್ರೆ ಹಾಳಾಗಿರೋದು ಬಣ್ಣ, ಮರ ಅಲ್ಲ. ಕೊಳೆತಿದ್ದು ನಾಲ್ಕು ಇಂಚು ಆದ್ರೆ ಗಟ್ಟಿ ಮರ ಸಿಗೋ ತನಕ ಓರೆಯಾಗಿ ಕೊಯ್ದು, ಅದೇ ಜಾತಿ ಮರದ ತುಂಡು ಕೂರಿಸಿ, ಅಂಟು ಹಾಕಿ ಮರದ ಮೊಳೆ ಹೊಡೆದ್ರೆ ಮುಗೀತು. ಒಳ್ಳೆ ಆಚಾರಿಗೆ ಇದು ಒಂದು ದಿನದ ಕೆಲಸ.

"ಮಳೆಗಾಲದಲ್ಲಿ ಬಾಗಿಲು ಹಿಡಿಯುತ್ತೆ, ಅದಕ್ಕೇ ತೆಗೆಸಿದ್ವಿ" ಅಂತ ತುಂಬಾ ಜನ ಹೇಳ್ತಾರೆ. ಮರ ನೀರು ಕುಡಿದ್ರೆ ಅಗಲಕ್ಕೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಜುಲೈನಲ್ಲಿ ಹಿಡೀತು ಅಂತ ಆಗಲೇ ಕೀಸುಳಿ ಹಾಕಿದ್ರೆ ಫೆಬ್ರವರಿಯಲ್ಲಿ ಬೆರಳು ತೂರೋಷ್ಟು ಸಂದಿ ಬೀಳುತ್ತೆ. ಅಸಲು ಕಾರಣ ಬೇರೆ. ಬಣ್ಣ ಹೊಡೆಯುವವರು ಕಣ್ಣಿಗೆ ಕಾಣೋ ಮುಖಕ್ಕೆ ಮಾತ್ರ ಹೊಡೀತಾರೆ, ಬಾಗಿಲಿನ ತಲೆ ಮತ್ತು ತಳದ ಅಂಚು ಹಾಗೇ ಬಿಡ್ತಾರೆ. ಮರ ನೀರು ಹೀರೋದು ಕೊಯ್ದ ತುದಿಯಿಂದಲೇ ಜಾಸ್ತಿ. ಏಪ್ರಿಲ್‌ನಲ್ಲಿ ಬಿಜಾಗರಿ ಬಿಚ್ಚಿ ಬಾಗಿಲು ಇಳಿಸಿ, ಆ ಅಂಚುಗಳಿಗೆ ಬಿಸಿ ಮಾಡಿದ ಅಗಸೆ ಎಣ್ಣೆ ಎರಡು ಸಲ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ಹಿಡಿಯೋದು ಬಹಳ ಕಡಿಮೆ ಆಗುತ್ತೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಬಿಸಾಡಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಬಿಡಿಸಿ ಒಣಹಾಕಿ. ಗೇರು ಸಿಪ್ಪೆ ಎಣ್ಣೆ ಹಚ್ಚೋರು ಕೈಗೆ ಗ್ಲೌಸ್ ಹಾಕಿ, ಚರ್ಮ ಸುಡುತ್ತೆ.

ಹಳೆ ಬಣ್ಣ ಉಜ್ಜುವಾಗಲೂ ಜಾಗ್ರತೆ. ಹಿಂದಿನ ಬಣ್ಣಗಳಲ್ಲಿ ಸೀಸ ಇರ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಒಣಗಿದ ಬಣ್ಣಕ್ಕೆ ಮಿಷನ್ ಹಾಕಿ ಧೂಳು ಎಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಆ ಬಣ್ಣದ ತುಂಡುಗಳನ್ನು ಬಚ್ಚಲೊಲೆಗೆ ಹಾಕಬೇಡಿ. ಪಿವಿಸಿ ಚೂರನ್ನಂತೂ ಹಾಕಲೇಬೇಡಿ, ಅದರ ಹೊಗೆ ವಿಷ.

ನಮ್ಮ ಮನೆ ಲೆಕ್ಕ ಹೇಳ್ತೀನಿ. ಮಗ ಬೆಂಗಳೂರಿಂದ ಬಂದಾಗ "ಅಪ್ಪಯ್ಯ, ಎಲ್ಲಾ ತೆಗ್ಸಿ ಬಿಡಾಣ" ಅಂದ. ಆಯ್ತಪ್ಪಾ, ರೇಟು ಕೇಳೋಣ ಅಂತ ಒಬ್ಬರನ್ನು ಕರೆಸಿದ್ವಿ. ಚದರಡಿ ರೇಟು ಕಡಿಮೆಯೇ ಕಂಡಿತು. ಆಮೇಲೆ ಗ್ರಿಲ್ ಬೇರೆ, ಸೊಳ್ಳೆ ಜಾಲರಿ ಬೇರೆ, ಕೀಳೋ ಕೂಲಿ ಬೇರೆ, ಗಾರೆ ಕೆಲಸ ನಮ್ಮದೇ. ಎಲ್ಲ ಕೂಡಿಸಿದಾಗ ನಾಲ್ಕು ಕ್ವಿಂಟಾಲ್ ರಾಶಿ ಅಡಿಕೆ ದುಡ್ಡು. ಅವತ್ತೇ ಸಂಜೆ ಅಪ್ಪ ಮಗ ಇಬ್ಬರೂ ಸ್ಕ್ರೂಡ್ರೈವರ್ ಹಿಡಿದು 9 ಕಿಟಕಿ ಚುಚ್ಚಿ ನೋಡಿದ್ವಿ. 5ಕ್ಕೆ ಎಣ್ಣೆ, ಬಣ್ಣ ಸಾಕಿತ್ತು. 3ಕ್ಕೆ ತಳದ ಪಟ್ಟಿ ತೇಪೆ. ಪಡುವಣದ ಗೋಡೆಯ 1 ಮಾತ್ರ ಪೂರ್ತಿ ಹೋಗಿತ್ತು, ಅದಕ್ಕೆ ಗಾಳಿಗೆ ಬಿದ್ದು ಕೊಯ್ಸಿ ಇಟ್ಟಿದ್ದ ಹಲಸಿನ ಹಲಗೇಲಿ ಹೊಸದು ಮಾಡಿಸಿದ್ವಿ. ಒಂದು ಕ್ವಿಂಟಾಲ್ ರಾಶಿ ದುಡ್ಡಿನೊಳಗೆ ಎಲ್ಲಾ ಮುಗೀತು. ಸೊಳ್ಳೆ ಜಾಲರಿಯನ್ನು ಒಳಗಡೆಯಿಂದ ಸಣ್ಣ ರೀಪಿನ ಚೌಕಟ್ಟಿಗೆ ಹೊಡೆದು ಕೂರಿಸಿದ್ದಾಯ್ತು. ಮಗನೇ ಮಾಡಿದ.

ಯುಪಿವಿಸಿ ಎಲ್ಲೂ ಬೇಡ ಅಂತ ನಾನು ಹೇಳ್ತಾ ಇಲ್ಲ. ಬಚ್ಚಲಿಗೆ, ರಸ್ತೆ ಧೂಳು ಮತ್ತು ಲಾರಿ ಸದ್ದು ಹೊಡೆಯೋ ಗೋಡೆಗೆ, ವಯಸ್ಸಾದವರು ಇಬ್ಬರೇ ಇದ್ದು ವರ್ಷವರ್ಷ ನೋಡಿಕೊಳ್ಳೋಕೆ ಆಗದ ಮನೆಗೆ ಅದು ಸರಿಯೇ. ಹಾಕಿಸಿದವರು ಕೆಳಗಿನ ಪಟ್ಟಿಯಲ್ಲಿ ನೀರು ಹೋಗೋ ಸಣ್ಣ ತೂತುಗಳನ್ನು ಮೇ ತಿಂಗಳಲ್ಲಿ ಒಮ್ಮೆ ಕ್ಲೀನ್ ಮಾಡಿ, ಕಟ್ಟಿಕೊಂಡ್ರೆ ನೀರು ಒಳಗೇ ಬರುತ್ತೆ. ಮಣ್ಣಿನ ಗೋಡೆ ಮನೆಯವರಿಗೆ ಇನ್ನೊಂದು ಮಾತು. ನಿಮ್ಮ ಕಿಟಕಿ ಮೇಲೆ ಇರೋದು ಮರದ ಹಲಗೆ, ಕಾಂಕ್ರೀಟ್ ಲಿಂಟಲ್ ಅಲ್ಲ. ಎಷ್ಟೋ ಮನೇಲಿ ಹಲಗೆ, ದಾರಂದ ಎರಡೂ ಸೇರಿ ಮೇಲಿನ ಗೋಡೆ ಹೊತ್ತಿರ್ತಾವೆ. ಆಸರೆ ಕಂಬ ಕೊಡದೆ ದಾರಂದ ಎಳೆದ್ರೆ ಮೇಲಿನ ಗೋಡೆ ಬಿರುಕು ಬಿಡುತ್ತೆ. ಕಿಟಕಿ ಹಾಕೋಕೆ ಬರೋ ಹುಡುಗರಿಗೆ ಇದು ಗೊತ್ತಿರುತ್ತೆ ಅಂದ್ಕೋಬೇಡಿ.

ಕೊನೆಗೆ ಆಚಾರಿಗಳ ಮಾತು. ತೇಪೆ ಹಾಕೋ ಕೈ ಇರೋ ಆಚಾರ್ರು ನಮ್ಮ ಸುತ್ತಮುತ್ತ ಬೆರಳೆಣಿಕೆ ಅಷ್ಟೇ. ಅವರ ಮಕ್ಕಳು ಯಾರೂ ಉಳಿ ಹಿಡಿದಿಲ್ಲ. ನಾವು ಕೆಲಸ ಕೊಡದೆ "ಆಚಾರ್ರು ಸಿಗಲ್ಲ, ಅದಕ್ಕೆ ಸ್ಲೈಡಿಂಗ್" ಅಂದ್ರೆ ಹೇಗೆ? ಒಂದು ಮನೆಯ ಒಂದು ಕಿಟಕಿಗೆ ಅಂತ ಕರೆದ್ರೆ ಅವರಿಗೂ ಬಂದು ಹೋಗೋದು ಗಿಟ್ಟಲ್ಲ. ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕರೀರಿ, ಹದಿನೈದು ದಿನದ ಕೆಲಸ ಆಗುತ್ತೆ, ಅವರೂ ಖುಷಿಯಿಂದ ಬರ್ತಾರೆ. ನಮ್ಮನೆಗೆ ಬಂದಿದ್ದವರು ಯುಗಾದಿ ಆದ್ಮೇಲೆ ಬಿಡುವು ಅಂದಿದ್ದಾರೆ. ಬೇಕಾದೋರು ಈ ವಾರದೊಳಗೆ ತಿಳಿಸಿ, ಯಾವ ಮನೆಗೆ ಯಾವತ್ತು ಅಂತ ಕೂತು ಮಾತಾಡಿ ಗೊತ್ತು ಮಾಡೋಣ. ಮಳೆ ಹಿಡಿದ್ಮೇಲೆ ಈ ಕೆಲಸ ಆಗಲ್ಲ.