ಕಲ್ಲಿದ್ದವರಿಗೆ ಲಂಘನವಲ್ಲ, ಹೊತ್ತುಹೊತ್ತಿನ ಊಟ

ಗಾಲ್‌ಬ್ಲಾಡರಿನಲ್ಲಿ, ಅಂದರೆ ಪಿತ್ತಕೋಶದಲ್ಲಿ, ಕಲ್ಲಿದೆ ಎಂದು ಸ್ಕ್ಯಾನ್ ರಿಪೋರ್ಟ್ ಬಂತೆಂದರೆ ಮನೆಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ರೋಗಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ಮಾಯವಾಗುತ್ತದೆ. ಇಷ್ಟು ವರ್ಷ ಆಕೆ ಏನೇನು ತಿಂದಳು ಎಂದು ಎಲ್ಲರೂ ಲೆಕ್ಕ ಹಾಕತೊಡಗುತ್ತಾರೆ. ಚೆನ್ನೈನ ವೆಸ್ಟ್ ಮಾಂಬಲದ ನಮ್ಮ ಮಾಧ್ವ ಮನೆಯಲ್ಲೂ ಆದದ್ದು ಇದೇ. ಈ ಎರಡೂ ನಿಲ್ಲಬೇಕು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಲೆಕ್ಕದ ಮಾತು. ಗಂಡಸರಿಗಿಂತ ಹೆಂಗಸರಲ್ಲಿ ಈ ಕಲ್ಲು ಹೆಚ್ಚು. ಈಸ್ಟ್ರೋಜನ್ ಹಾರ್ಮೋನು, ಬಸಿರು ಇದಕ್ಕೆ ಮುಖ್ಯ ಕಾರಣ. ವಂಶದಲ್ಲಿ ಹರಿದು ಬರುವುದೂ ಉಂಟು. ಎಸ್. ಎಲ್. ಮಲ್ಹೋತ್ರಾ ಎಂಬ ವೈದ್ಯರು ನಮ್ಮ ದೇಶದ ರೈಲ್ವೆ ನೌಕರರನ್ನು ಪರಿಶೀಲಿಸಿ 1968ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಕ್ಷಿಣದವರಿಗಿಂತ ಉತ್ತರದವರಲ್ಲಿ ಈ ಕಾಯಿಲೆ ಏಳು ಪಟ್ಟು ಹೆಚ್ಚು ಕಂಡಿತ್ತು. ಅಲ್ಲಿ ಕೊಲೆಸ್ಟರಾಲ್ ಕಲ್ಲೇ ಜಾಸ್ತಿ, ನಮ್ಮ ಕಡೆ ಪಿಗ್ಮೆಂಟ್ ಕಲ್ಲಿನ ಪಾಲು ದೊಡ್ಡದು. ರಕ್ತದ ಕೆಂಪು ಕಣ ಒಡೆದಾಗ ಹುಟ್ಟುವ ಬಿಲಿರುಬಿನ್‌ನಿಂದ ಆಗುವ ಕಲ್ಲು ಅದು. ಅದಕ್ಕೂ ಹೋಳಿಗೆಯ ಮೇಲೆ ಹಾಕಿಸಿಕೊಂಡ ತುಪ್ಪಕ್ಕೂ ನೇರ ನಂಟಿಲ್ಲ. ಹೊಟ್ಟೆ ಹಿಡಿದುಕೊಂಡು ಕೂತ ಹೆಂಗಸಿನ ಮುಂದೆ ಅವಳ ಬಾಯಿಚಪಲದ ಮಾತೆತ್ತುವುದು ಅನ್ಯಾಯ.

ಜಿಡ್ಡು ತಿಂದಾಗ ನೋವು ಬರುವುದು ನಿಜ. ಜಿಡ್ಡು ಕರುಳಿಗೆ ಇಳಿದಾಗ ಒಂದು ಹಾರ್ಮೋನು ಹೊರಟು ಪಿತ್ತಕೋಶವನ್ನು ಹಿಂಡುತ್ತದೆ. ಆ ಹೊತ್ತಿನಲ್ಲಿ ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಂಡರೆ ಶೂಲೆ. ಕಳೆದ ಸಂಗೀತದ ಸೀಸನ್ನಿನಲ್ಲಿ ಒಂದು ಸಭಾದ ಕ್ಯಾಂಟೀನಿನಲ್ಲಿ ತುಪ್ಪ ತೇಲುವ ಪೊಂಗಲ್, ವಡೆ ತಿಂದು ಬಂದ ರಾತ್ರಿ ನನಗೆ ಅದರ ಪರಿಚಯ ಚೆನ್ನಾಗಿ ಆಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಎದ್ದ ನೋವು ಬೆನ್ನಿಗೆ ತಿರುಗಿ ಭುಜದ ಮೂಳೆಗೆ ಏರಿತು. ಕೂರಲೂ ಆಗದು, ಮಲಗಲೂ ಆಗದು. ವಾಂತಿಯಾದರೂ ಹಗುರವಾಗಲಿಲ್ಲ. ಹಜಾರದಲ್ಲಿ ಗೋಡೆ ಹಿಡಿದುಕೊಂಡು ನಡೆದಾಡುತ್ತಲೇ ರಾತ್ರಿ ಕಳೆಯಿತು.

ಮಾರನೆಯ ದಿನ ನಮ್ಮ ಅತ್ತೆ, “ಲಂಘನಂ ಪರಮೌಷಧಂ ಅಂತಾರಲ್ಲ, ಎರಡು ದಿನ ಏನೂ ತಿನ್ನಬೇಡ ಕಣೇ, ಎಲ್ಲ ಕರಗುತ್ತೆ” ಎಂದರು. ಅವರ ಕಕ್ಕುಲಾತಿ ದೊಡ್ಡದು. ಆದರೆ ಈ ಕಾಯಿಲೆಗೆ ಆ ಮಾತು ಒಪ್ಪುವುದಿಲ್ಲ. ಶೂಲೆ ಎದ್ದಿರುವಾಗ ತಿನ್ನಬಾರದು, ಸರಿ. ಅದು ಇಳಿದ ಮೇಲೆ ಹೊಟ್ಟೆ ಕಾಯಿಸಿದರೆ ಪಿತ್ತಕೋಶ ಖಾಲಿಯಾಗದೆ ಪಿತ್ತರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಊಟ ಬಿಟ್ಟು ಸರಸರನೆ ತೂಕ ಇಳಿಸಿದವರಲ್ಲಿ ಹೊಸ ಕಲ್ಲು ಹುಟ್ಟುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮಲ್ಲಿ ಏಕಾದಶಿಯನ್ನು ಕಟ್ಟುನಿಟ್ಟಾಗಿ ಮಾಡುವವರು ದಶಮಿ ಮಧ್ಯಾಹ್ನ ಉಂಡರೆ ಮತ್ತೆ ಬಾಯಿಗೆ ಅನ್ನ ಇಡುವುದು ದ್ವಾದಶಿ ಬೆಳಿಗ್ಗೆ. ನಲವತ್ತು ಗಂಟೆ ದಾಟುತ್ತದೆ, ತಿಂಗಳಿಗೆ ಎರಡು ಸಲ. ಏಕಾದಶಿಯ ಮೇಲೆ ನನಗೆ ಭಕ್ತಿಯಿದೆ. ಮಕ್ಕಳಿಗೆ, ಮುದುಕರಿಗೆ, ರೋಗಿಗಳಿಗೆ ವಿನಾಯಿತಿ ಕೊಟ್ಟಿರುವುದೂ ಅದೇ ಸಂಪ್ರದಾಯ. ನಮ್ಮ ಆಚಾರ್ಯರು ಹಣ್ಣು, ಹಾಲು ತೆಗೆದುಕೊಳ್ಳಿ ಎಂದು ತಾವಾಗಿಯೇ ಹೇಳಿದರು. ಆಮೇಲೆ ಅತ್ತೆಯೂ ಒಪ್ಪಿದರು.

ನನಗೆ ಆಪರೇಷನ್ ಆಗಬೇಕು, ರಕ್ತದ ಸಕ್ಕರೆ ಹತೋಟಿಗೆ ಬರಲೆಂದು ಡಾಕ್ಟರು ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಬೆಳಿಗ್ಗೆ ಎಂಟರೊಳಗೆ ಇಡ್ಲಿಯೋ ಇಡಿಯಪ್ಪವೋ ಆಗಲೇಬೇಕು. ಚಟ್ನಿಗೆ ತೆಂಗಿನಕಾಯಿ ಕಡಿಮೆ, ಹುರಿಗಡಲೆ ಜಾಸ್ತಿ. ಆವಿನ್ ಹಾಲಿನ ಕೆನೆಭರಿತ ಕಿತ್ತಳೆ ಪ್ಯಾಕೆಟ್ ಬಿಟ್ಟು ಜಿಡ್ಡು ಕಡಿಮೆಯಿರುವ ನೀಲಿಗೆ ಬಂದಿದ್ದೇವೆ, ಕಾಫಿ ಬಿಟ್ಟಿಲ್ಲ. ಮಧ್ಯಾಹ್ನ ಅನ್ನ, ತೊವ್ವೆ, ಪಡವಲಕಾಯಿಯೋ ಸೋರೆಕಾಯಿಯೋ ಪಲ್ಯ, ಕೋಸಂಬರಿ, ನೀರು ಮಜ್ಜಿಗೆ. ಮಿಳ್ಳೆ ಎತ್ತಿ ಧಾರೆಯಾಗಿ ಬಡಿಸುತ್ತಿದ್ದ ತುಪ್ಪ ಈಗ ಟೀ ಚಮಚದಲ್ಲಿ ಒಂದೇ ಒಂದು. ಆ ಒಂದು ಚಮಚವನ್ನೂ ಕಿತ್ತುಕೊಳ್ಳಬೇಡಿ, ಪಿತ್ತಕೋಶ ಹದವಾಗಿ ಖಾಲಿಯಾಗಲು ಅಷ್ಟು ಜಿಡ್ಡು ಬೇಕು. ದ್ವಾದಶಿಯ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ನಮ್ಮಂಥವರಿಗೇ ಮಾಡಿದ ಅಡುಗೆಯ ಹಾಗಿದೆ. ಧನುರ್ಮಾಸದ ಹುಗ್ಗಿಯನ್ನೂ ತಿನ್ನುತ್ತೇನೆ. ಹೆಸರುಬೇಳೆ ಜಾಸ್ತಿ ಹಾಕಿ, ತುಪ್ಪದ ಕೈ ಹಿಡಿದು, ಬಿಸಿಬಿಸಿ. ರಾತ್ರಿ ಎಂಟಕ್ಕೆ ಊಟ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಇರುವ ಕಲ್ಲು ಕರಗುವುದಿಲ್ಲ. ಊಟದಿಂದ ಶೂಲೆ ಕಡಿಮೆಯಾಗಬಹುದು, ಅಷ್ಟೇ. ಬೆಳಗಿನ ವಾಕಿಂಗಿಗೆ ಬಂದವರಿಗೆಂದು ಮರೀನಾದಲ್ಲಿ ಬಾಳೆದಿಂಡಿನ ರಸ ಮಾರುತ್ತಾರೆ. ಪಕ್ಕದ ಮನೆ ಮಾಮಿ ನನಗೂ ತಂದುಕೊಟ್ಟರು. ಜನ ಅದನ್ನು ಕುಡಿಯುವುದು ಮೂತ್ರಪಿಂಡದ ಕಲ್ಲಿಗೆ. ಪಿತ್ತಕೋಶದ ಕಲ್ಲಿನ ದಾರಿಯೇ ಬೇರೆ. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಹಸಿರು ಕಲ್ಲು ಉದುರುತ್ತದೆ ಎನ್ನುವವರೂ ಇದ್ದಾರೆ. ಆ ಹಸಿರು ಉಂಡೆ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು ಎಂದು ಪರೀಕ್ಷೆಯಲ್ಲಿ ಕಂಡಿದೆ. ನೋವೇ ಕೊಡದ ಕಲ್ಲನ್ನು ಹೆಚ್ಚಿನವರು ಹಾಗೇ ಬಿಡಬಹುದು. ನೋವು ಮತ್ತೆ ಮತ್ತೆ ಬಂದರೆ ಪಿತ್ತಕೋಶವನ್ನೇ ತೆಗೆಸಬೇಕು. ಮುಂಬೈಯಲ್ಲಿ ಶಸ್ತ್ರವೈದ್ಯ ಡಾ. ಉದ್ವಾಡಿಯಾ 1990ರಲ್ಲಿ ಲ್ಯಾಪರೊಸ್ಕೋಪಿಯಲ್ಲಿ ಇದನ್ನು ಮಾಡಿ ತೋರಿಸಿದರು. ಈಗ ಚೆನ್ನೈನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಈ ಆಪರೇಷನ್ ಆಗುತ್ತದೆ. ಚಳಿಜ್ವರ, ಕಣ್ಣು ಹಳದಿಯಾಗುವುದು, ಗಂಟೆಗಟ್ಟಲೆ ಇಳಿಯದ ನೋವು, ಇವುಗಳಲ್ಲಿ ಯಾವುದಿದ್ದರೂ ಕಷಾಯ ಕಾಯಿಸುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಟ್ರಿಪ್ಲಿಕೇನ್, ಟಿ. ನಗರದ ರಾಯರ ಮಠಗಳಲ್ಲಿ ನನ್ನದೊಂದು ಅರಿಕೆ. ಏಕಾದಶಿಯ ದಿನ, ಪಾರಣೆಯ ಹೊತ್ತು ತಿಳಿಸುವಾಗ, ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ ಎಂಬುದನ್ನೂ ಭಕ್ತರಿಗೆ ತಿಳಿಸಿ. ಡಾಕ್ಟರು ಹೇಳಿದರೆ ಕೇಳದ ಹಿರಿಯರು ನಿಮ್ಮ ಮಾತು ಕೇಳುತ್ತಾರೆ.